ಪೂರ್ವಪಕ್ಷ ಮತ್ತು ಸಿದ್ಧಾಂತ: ‘ಫೆಡರಲಿಸ್ಟ್’ ಪ್ರಬಂಧಗಳ ಒಂದು ವಿಮರ್ಶೆ

೧

ಅಮೆರಿಕದ ರಾಜ್ಯಾಂಗವನ್ನು ಅಭ್ಯಾಸಮಾಡುವವರಿಗೆ ‘ಫೆಡರಲಿಸ್ಟ್’ ಎಂಬ ಪ್ರಬಂಧಸಂಪುಟವು ಬಹುಕಾಲದಿಂದ ಪ್ರಮಾಣಗ್ರಂಥವಾಗಿದೆ. ಅಧಿಕಾರವಿಭಜನೆ, ಪರಸ್ಪರ ನಿಯಂತ್ರಣ, ಸಂಯುಕ್ತ ರಾಜ್ಯಪದ್ಧತಿ, ನ್ಯಾಯಾಂಗದ ಸ್ವಾತಂತ್ರ್ಯ ಮೊದಲಾದ ಪರಿಕಲ್ಪನೆಗಳನ್ನು ವಿವರಿಸಬೇಕಾದಾಗಲೆಲ್ಲ ಅಧ್ಯಾಪಕರು ಅದನ್ನೇ ಆಧಾರವಾಗಿ ಹಿಡಿಯುತ್ತಾರೆ. ಆ ದೇಶದ ನ್ಯಾಯಾಧೀಶರು ತಮ್ಮ ತೀರ್ಪುಗಳಲ್ಲಿ ಅದನ್ನು ಇಂದಿಗೂ ಉದಾಹರಿಸುತ್ತಾರೆ. ಸೂತ್ರಕ್ಕೆ ಭಾಷ್ಯವಿದ್ದಂತೆ ರಾಜ್ಯಾಂಗಕ್ಕೆ ‘ಫೆಡರಲಿಸ್ಟ್’ ಎಂಬ ಭಾವನೆ ವಿದ್ವಾಂಸರಲ್ಲಿ ನೆಲೆಯೂರಿದೆ.

ಈ ಗೌರವವು ಅಪಾತ್ರಕ್ಕೆ ಸಂದುದೆಂದು ನಾವು ಹೇಳುವುದಿಲ್ಲ. ಆದರೆ ಭಾಷ್ಯವನ್ನು ಓದುವುದರಲ್ಲಿ ನಮ್ಮ ದೇಶದ ಶಾಸ್ತ್ರಸಂಪ್ರದಾಯವು ಒಂದು ಎಚ್ಚರಿಕೆಯನ್ನು ಕಲಿಸಿದೆ. ಸಿದ್ಧಾಂತವನ್ನು ಸ್ಥಾಪಿಸುವ ಮುನ್ನ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸುವುದು ನಮ್ಮ ಶಾಸ್ತ್ರಕಾರರ ಪದ್ಧತಿ. ಪೂರ್ವಪಕ್ಷವನ್ನು ಬಿಟ್ಟು ಸಿದ್ಧಾಂತವನ್ನು ಮಾತ್ರ ಓದಿದವನಿಗೆ ಸಿದ್ಧಾಂತವೂ ತಿಳಿಯದು. ‘ಫೆಡರಲಿಸ್ಟ್’ ಎಂಬುದು ವಾದದ ಒಂದು ಪಕ್ಷದವರು ಬರೆದ ಗ್ರಂಥ. ಎದುರು ಪಕ್ಷದವರೂ ಬರೆದರು; ಸೋತರು; ಸೋತುದರಿಂದ ಅವರ ಬರಹಗಳು ಪಾಠಪಟ್ಟಿಯಿಂದ ಮರೆಯಾದುವು. ಆದರೆ ರಾಜ್ಯಾಂಗವು ಇಂದು ಇರುವ ರೂಪದಲ್ಲಿ ನೋಡಿದರೆ, ಅದರ ಅತ್ಯಂತ ಪ್ರಸಿದ್ಧವಾದ ಭಾಗವು ಗೆದ್ದವರದಲ್ಲ, ಸೋತವರದು. ಈ ಸಂಗತಿಯಿಂದ ಗ್ರಂಥದ ಬೆಲೆಯನ್ನು ಪುನಃ ಕಟ್ಟಬೇಕಾಗುತ್ತದೆ ಎಂಬುದೇ ಈ ಲೇಖನದ ಪ್ರತಿಪಾದ್ಯ.

೨

ಮೊದಲು ಗ್ರಂಥದ ಸಂದರ್ಭವನ್ನು ಸಂಗ್ರಹವಾಗಿ ನೆನೆಯೋಣ. ಬ್ರಿಟನ್ನಿನಿಂದ ಬಿಡುಗಡೆ ಹೊಂದಿದ ೧೩ ಸಂಸ್ಥಾನಗಳು ೧೭೮೧ರಲ್ಲಿ ಜಾರಿಗೆ ಬಂದ ಒಕ್ಕೂಟದ ಕರಾರಿಗೆ ಬದ್ಧವಾಗಿದ್ದುವು. ಆ ಕರಾರಿನ ಕಾಂಗ್ರೆಸ್ಸಿಗೆ ತೆರಿಗೆ ವಿಧಿಸುವ ಅಧಿಕಾರವಿರಲಿಲ್ಲ. ಹಣಕ್ಕಾಗಿ ಸಂಸ್ಥಾನಗಳನ್ನು ಕೇಳಿಕೊಳ್ಳಬಹುದಾಗಿತ್ತು, ಅಷ್ಟೆ. ಕರಾರನ್ನು ತಿದ್ದಬೇಕಾದರೆ ಎಲ್ಲ ಸಂಸ್ಥಾನಗಳೂ ಒಪ್ಪಬೇಕಾಗಿತ್ತು. ೧೭೮೬ರಲ್ಲಿ ಮ್ಯಾಸಚೂಸೆಟ್ಸಿನ ಪಶ್ಚಿಮಭಾಗದ ಸಾಲಗಾರ ರೈತರು ದಂಗೆಯೆದ್ದಾಗ ಈ ವ್ಯವಸ್ಥೆಯ ದೌರ್ಬಲ್ಯವು ಬಹುಮಂದಿಗೆ ಮನದಟ್ಟಾಯಿತು. ೧೭೮೭ರ ಮೇ ತಿಂಗಳಿಂದ ಸೆಪ್ಟೆಂಬರ್ ೧೭ರವರೆಗೆ ಫಿಲಡೆಲ್ಫಿಯಾದಲ್ಲಿ ನಡೆದ ಸಮ್ಮೇಳನವು ಕರಾರನ್ನು ತಿದ್ದುವುದಕ್ಕೆ ಬದಲಾಗಿ ಹೊಸ ರಾಜ್ಯಾಂಗವನ್ನೇ ರಚಿಸಿತು. ಭಾಗವಹಿಸಿದವರು ೫೫ ಮಂದಿ. ಕೊನೆಗೆ ಸಹಿಹಾಕಿದವರು ೩೯ ಮಂದಿ. ಒಂಬತ್ತು ಸಂಸ್ಥಾನಗಳು ಒಪ್ಪಿದರೆ ಅದು ಜಾರಿಗೆ ಬರತಕ್ಕುದೆಂದು ಗೊತ್ತಾಯಿತು.

ಆಗ ನ್ಯೂಯಾರ್ಕಿನ ಜನರನ್ನು ಒಪ್ಪಿಸುವುದಕ್ಕಾಗಿ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜೇಮ್ಸ್ ಮ್ಯಾಡಿಸನ್, ಜಾನ್ ಜೇ ಎಂಬ ಮೂವರು ‘ಪಬ್ಲಿಯಸ್’ ಎಂಬ ಒಂದೇ ಗುಪ್ತನಾಮದಿಂದ ಪತ್ರಿಕೆಗಳಲ್ಲಿ ಬರೆಯತೊಡಗಿದರು. ಮೊದಲನೆಯ ಪ್ರಬಂಧ ೧೭೮೭ರ ಅಕ್ಟೋಬರ್ ೨೭ರಂದು ಪ್ರಕಟವಾಯಿತು. ಒಟ್ಟು ಪ್ರಬಂಧಗಳು ೮೫. ಅವುಗಳಲ್ಲಿ ೫೧ ಹ್ಯಾಮಿಲ್ಟನ್ನನವು, ೨೯ ಮ್ಯಾಡಿಸನ್ನನವು, ೫ ಜೇಯವು ಎಂದು ಈಗ ಸಾಮಾನ್ಯವಾಗಿ ಎಣಿಸುತ್ತಾರೆ. ೧೨ ಪ್ರಬಂಧಗಳ ಕರ್ತೃತ್ವದ ವಿಷಯದಲ್ಲಿ ವಿವಾದವಿತ್ತು. ೧೯೬೪ರಲ್ಲಿ ಮೋಸ್ಟೆಲ್ಲರ್ ಮತ್ತು ವಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಇಬ್ಬರೂ ಲೇಖಕರು ಬಳಸುವ ಸಣ್ಣಪುಟ್ಟ ಶಬ್ದಗಳ ಪ್ರಮಾಣವನ್ನು ಎಣಿಸಿ, ಅವು ಮ್ಯಾಡಿಸನ್ನನವೇ ಆಗಿರಬೇಕೆಂದು ಬಲವಾಗಿ ತೋರಿಸಿಕೊಟ್ಟರು. ಒಂದು ಗ್ರಂಥದ ಕರ್ತೃವನ್ನು ನಿರ್ಣಯಿಸುವುದಕ್ಕೆ ಇಷ್ಟು ಶ್ರಮ ಬೇಕಾಯಿತೆಂದರೆ, ಪಬ್ಲಿಯಸ್ ಎಂಬ ವೇಷವು ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತೆಂಬುದನ್ನು ಊಹಿಸಬಹುದು.

ಆದರೆ ಈ ಪ್ರಬಂಧಗಳು ತಮ್ಮ ತತ್ಕಾಲದ ಉದ್ದೇಶವನ್ನು ಸಾಧಿಸಿದುವೆಂದು ಹೇಳಲಾಗದು. ಅವುಗಳ ಬಹುಭಾಗ ಪ್ರಕಟವಾದ ಮೇಲೂ ನ್ಯೂಯಾರ್ಕಿನ ಮತದಾರರು ತಮ್ಮ ಸಮ್ಮೇಳನಕ್ಕೆ ಹೆಚ್ಚಾಗಿ ವಿರೋಧಿಗಳನ್ನೇ ಆರಿಸಿ ಕಳುಹಿಸಿದರು. ೧೭೮೮ರ ಜೂನ್ ತಿಂಗಳಲ್ಲಿ ನ್ಯೂ ಹ್ಯಾಂಪ್‌ಷೈರ್ ಒಂಬತ್ತನೆಯದಾಗಿ ಒಪ್ಪಿತು. ವರ್ಜೀನಿಯಾ ೮೯ಕ್ಕೆ ೭೯ರಂತೆ ಒಪ್ಪಿತು. ಆ ಬಳಿಕ, ಜುಲೈ ೨೬ರಂದು, ನ್ಯೂಯಾರ್ಕ್ ೩೦ಕ್ಕೆ ೨೭ರಂತೆ ಒಪ್ಪಿತು. ಇಲ್ಲಿ ಗೆದ್ದುದರಲ್ಲಿ ತರ್ಕದಷ್ಟೇ ಸಂದರ್ಭದ ಒತ್ತಡವೂ ಸೇರಿತ್ತು.

೩

ಪಬ್ಲಿಯಸ್ಸನ ಸಿದ್ಧಾಂತವೇನು? ಸ್ವಾತಂತ್ರ್ಯವನ್ನು ಕಾಪಾಡುವುದು ಘೋಷಣೆಗಳಲ್ಲ, ರಚನೆ: ಇದು ಅದರ ತಿರುಳು. ಈ ಮಾತನ್ನು ಅವನು ಎರಡು ಮಾರ್ಗಗಳಿಂದ ಸಾಧಿಸುತ್ತಾನೆ.

ಮೊದಲನೆಯದು ಹತ್ತನೆಯ ಪ್ರಬಂಧದ ಮಾರ್ಗ. ಸಮಾಜದಲ್ಲಿ ಬಣಗಳು ಹುಟ್ಟುವುದು ಮನುಷ್ಯಸ್ವಭಾವದಿಂದ. ಆಸ್ತಿಯ ಅಸಮ ಹಂಚಿಕೆ ಅವುಗಳ ಅತ್ಯಂತ ಸ್ಥಿರವಾದ ಕಾರಣ. ಸ್ವಾತಂತ್ರ್ಯವನ್ನೇ ಅಳಿಸಿದ ಹೊರತು ಬಣಗಳನ್ನು ಅಳಿಸಲಾಗದು. ಆದ್ದರಿಂದ ಅವುಗಳ ಕಾರಣವನ್ನಲ್ಲ, ಪರಿಣಾಮವನ್ನು ಹತೋಟಿಯಲ್ಲಿಡಬೇಕು. ಚಿಕ್ಕ ಗಣರಾಜ್ಯದಲ್ಲಿ ಒಂದು ಬಣವು ಸುಲಭವಾಗಿ ಬಹುಮತ ಪಡೆದು ಉಳಿದವರನ್ನು ತುಳಿಯಬಹುದು. ವಿಸ್ತಾರವಾದ ಗಣರಾಜ್ಯದಲ್ಲಿ ಹಿತಾಸಕ್ತಿಗಳು ಹಲವಾಗಿ, ಅನ್ಯಾಯಕ್ಕಾಗಿ ಬಹುಮತವೊಂದು ಒಟ್ಟುಗೂಡುವುದು ಕಷ್ಟವಾಗುತ್ತದೆ. ಗಣರಾಜ್ಯವು ಚಿಕ್ಕದಾಗಿರಬೇಕೆಂದು ಮಾಂಟೆಸ್ಕ್ಯೂವನ್ನು ಮುಂದಿಟ್ಟುಕೊಂಡು ವಾದಿಸುತ್ತಿದ್ದವರಿಗೆ ಇದು ನೇರವಾದ ಉತ್ತರ. ರಾಜ್ಯಶಾಸ್ತ್ರದ ಇತಿಹಾಸದಲ್ಲಿ ಇಷ್ಟು ಸಂಕ್ಷೇಪವಾಗಿ ಹಳೆಯ ನಂಬಿಕೆಯೊಂದನ್ನು ತಲೆಕೆಳಗು ಮಾಡಿದ ಬರಹಗಳು ಕಡಮೆ.

ಎರಡನೆಯದು ೪೭ರಿಂದ ೫೧ರವರೆಗಿನ ಪ್ರಬಂಧಗಳ ಮಾರ್ಗ. ಶಾಸನಾಂಗ, ಕಾರ್ಯಾಂಗ, ನ್ಯಾಯಾಂಗಗಳು ಬೇರೆ ಬೇರೆಯಾಗಿರಬೇಕೆಂದು ಎಲ್ಲರೂ ಒಪ್ಪುತ್ತಿದ್ದರು. ಹೊಸ ರಾಜ್ಯಾಂಗವು ಅವುಗಳನ್ನು ಬೆರಸಿದೆಯೆಂಬುದು ವಿರೋಧಿಗಳ ಆಕ್ಷೇಪ. ಪಬ್ಲಿಯಸ್ ಬೆರಕೆಯನ್ನು ಅಲ್ಲಗಳೆಯುವುದಿಲ್ಲ, ಅದನ್ನು ಸಮರ್ಥಿಸುತ್ತಾನೆ. ಮೂರು ಅಂಗಗಳ ನಡುವೆ ಕಾಗದದ ಮೇಲೆ ಗೆರೆ ಎಳೆದರೆ ಸಾಲದು. ಬಲಿಷ್ಠವಾದ ಶಾಸನಾಂಗವು ಆ ಗೆರೆಯನ್ನು ದಾಟಿಬರುತ್ತದೆ. ಒಂದು ಅಂಗಕ್ಕೆ ಇನ್ನೊಂದರ ಕಾರ್ಯದಲ್ಲಿ ಸ್ವಲ್ಪ ಕೈಯಿದ್ದಾಗ ಮಾತ್ರ ಅದು ತನ್ನನ್ನು ರಕ್ಷಿಸಿಕೊಳ್ಳಬಲ್ಲುದು. ಆದ್ದರಿಂದಲೇ ಅಧ್ಯಕ್ಷನಿಗೆ ಮಸೂದೆಯನ್ನು ತಡೆಯುವ ಅಧಿಕಾರ, ಎರಡೂ ಸಭೆಗಳಿಗೆ ಮೂರನೆಯ ಎರಡಂಶದ ಬಹುಮತದಿಂದ ಆ ತಡೆಯನ್ನು ಮೀರುವ ಅಧಿಕಾರ. ನೇಮಕಗಳಿಗೂ ಒಪ್ಪಂದಗಳಿಗೂ ಸೆನೆಟ್ಟಿನ ಸಮ್ಮತಿ. ಪ್ರತಿನಿಧಿಸಭೆಯಿಂದ ದೋಷಾರೋಪಣೆ, ಸೆನೆಟ್ಟಿನಿಂದ ಅದರ ವಿಚಾರಣೆ. ಅಧಿಕಾರಸ್ಥನ ಸದ್ಗುಣವನ್ನು ನೆಚ್ಚದೆ, ಅವನ ಸ್ವಾರ್ಥವನ್ನು ಸ್ಥಾನದ ಗೌರವಕ್ಕೆ ಕಟ್ಟಿಹಾಕಿ, ಒಂದು ಮಹತ್ತ್ವಾಕಾಂಕ್ಷೆಯಿಂದ ಇನ್ನೊಂದನ್ನು ತಡೆಯಿಸುವುದು ಈ ಯೋಜನೆ. ನಮ್ಮ ವಿದ್ಯಾರ್ಥಿಗಳು ‘ಅಧಿಕಾರವಿಭಜನೆ’ ಎಂಬ ಮಾತನ್ನು ಕೇಳಿ, ಅಮೆರಿಕದಲ್ಲಿ ಮೂರು ಅಂಗಗಳ ನಡುವೆ ಗೋಡೆಗಳಿವೆಯೆಂದು ಬರೆಯುವುದುಂಟು. ಅಲ್ಲಿರುವುದು ಗೋಡೆಗಳಲ್ಲ, ಒಂದರ ಬೀಗದ ಕೈ ಇನ್ನೊಂದರಲ್ಲಿರುವ ಕೋಣೆಗಳು.

೪

ಇನ್ನು ಪೂರ್ವಪಕ್ಷವನ್ನು ಕೇಳೋಣ. ಫಿಲಡೆಲ್ಫಿಯಾದ ಸಮ್ಮೇಳನ ಮುಗಿಯುವುದಕ್ಕೆ ಕೆಲವೇ ದಿನಗಳ ಮುಂಚೆ, ೧೭೮೭ರ ಸೆಪ್ಟೆಂಬರ್ ೧೨ರಂದು, ವರ್ಜೀನಿಯಾದ ಜಾರ್ಜ್ ಮೇಸನ್ ಹಕ್ಕುಗಳ ಘೋಷಣೆಯೊಂದು ಬೇಕೆಂದು ಸೂಚಿಸಿದನು. ಹಾಜರಿದ್ದ ಸಂಸ್ಥಾನಗಳಲ್ಲಿ ಒಂದೂ ಅದಕ್ಕೆ ಒಪ್ಪಲಿಲ್ಲ. ಮೇಸನ್ ಸಹಿಹಾಕದೆ ಊರಿಗೆ ಮರಳಿದನು. ನ್ಯೂಯಾರ್ಕಿನಲ್ಲಿ ‘ಬ್ರೂಟಸ್’ ಎಂಬ ಗುಪ್ತನಾಮದ ಲೇಖಕನು ೧೬ ಪ್ರಬಂಧಗಳನ್ನು ಬರೆದು ಇದೇ ಲೋಪವನ್ನು ಎತ್ತಿಹಿಡಿದನು. ಇವನು ರಾಬರ್ಟ್ ಯೇಟ್ಸ್ ಎಂಬ ನ್ಯಾಯಾಧೀಶನೆಂದು ಹಲವರ ಊಹೆ.

ಇದಕ್ಕೆ ಪಬ್ಲಿಯಸ್ಸನ ಉತ್ತರ ದೊರೆಯುವುದು ೮೪ನೆಯ ಪ್ರಬಂಧದಲ್ಲಿ, ಬರೆದವನು ಹ್ಯಾಮಿಲ್ಟನ್. ಉತ್ತರದಲ್ಲಿ ಮೂರು ಎಳೆಗಳಿವೆ. ಹಕ್ಕುಗಳ ಘೋಷಣೆಯೆಂಬುದು ಅರಸನಿಂದ ಪ್ರಜೆಗಳು ಪಡೆದ ವರ. ಪ್ರಜೆಗಳೇ ಒಡೆಯರಾದಲ್ಲಿ ಅದಕ್ಕೆ ಎಡೆಯಿಲ್ಲ ಎಂಬುದು ಒಂದು. ಕೊಡದಿರುವ ಅಧಿಕಾರವನ್ನು ನಿಷೇಧಿಸಹೋದರೆ, ಆ ಅಧಿಕಾರ ಇದ್ದಿರಲೂಬಹುದೆಂಬ ಕುತರ್ಕಕ್ಕೆ ಅವಕಾಶವಾಗುತ್ತದೆ ಎಂಬುದು ಎರಡನೆಯದು. ರಾಜ್ಯಾಂಗದ ರಚನೆಯೇ ಹಕ್ಕುಗಳ ಘೋಷಣೆ ಎಂಬುದು ಮೂರನೆಯದು.

ಇವುಗಳಲ್ಲಿ ಎರಡನೆಯ ಎಳೆ ಗಟ್ಟಿಯಾಗಿ ತೋರುತ್ತದೆ. ಆದರೆ ಅದನ್ನು ಬ್ರೂಟಸ್ ತನ್ನ ಎರಡನೆಯ ಪ್ರಬಂಧದಲ್ಲಿಯೇ ಮುಂದಾಗಿ ಕತ್ತರಿಸಿದ್ದನು. ಬಂಧಿತನನ್ನು ನ್ಯಾಯಾಲಯದ ಮುಂದೆ ತರಿಸುವ ಹಕ್ಕನ್ನು ಸುಮ್ಮನೆ ರದ್ದುಗೊಳಿಸಬಾರದೆಂದೂ, ಕೃತ್ಯ ನಡೆದ ಮೇಲೆ ಅದನ್ನು ಅಪರಾಧವೆನ್ನುವ ಕಾನೂನು ಮಾಡಬಾರದೆಂದೂ, ಕುಲೀನಪದವಿಗಳನ್ನು ಕೊಡಬಾರದೆಂದೂ ರಾಜ್ಯಾಂಗದ ಮೂಲಪಾಠದಲ್ಲಿಯೇ ನಿಷೇಧಗಳಿದ್ದುವು. ಕೊಡದ ಅಧಿಕಾರವನ್ನು ನಿಷೇಧಿಸುವುದು ವ್ಯರ್ಥವಾದರೆ ಈ ನಿಷೇಧಗಳೇಕೆ? ಇವು ಅವಶ್ಯಕವಾದರೆ ಪತ್ರಿಕಾಸ್ವಾತಂತ್ರ್ಯದ, ಮತಸ್ವಾತಂತ್ರ್ಯದ ರಕ್ಷಣೆ ಏಕೆ ಬೇಡ? ಹ್ಯಾಮಿಲ್ಟನ್ ಇದೇ ನಿಷೇಧಗಳನ್ನು ಎಣಿಸಿ, ಹಕ್ಕುಗಳು ಈಗಾಗಲೇ ರಕ್ಷಿತವಾಗಿವೆಯೆಂದು ಹೆಮ್ಮೆಯಿಂದ ತೋರಿಸುತ್ತಾನೆ. ಅದೇ ಪ್ರಬಂಧದಲ್ಲಿ ಮುಂದುವರಿದು, ಅಂಥ ನಿಷೇಧಗಳು ಅಪಾಯಕರವೆಂದೂ ಹೇಳುತ್ತಾನೆ. ಒಂದೇ ಪ್ರಬಂಧದೊಳಗೆ ಇವೆರಡೂ ನಿಲ್ಲಲಾರವು. ೮೫ ಪ್ರಬಂಧಗಳಲ್ಲಿ ಪಬ್ಲಿಯಸ್ಸನ ತರ್ಕವು ಇಷ್ಟು ಸ್ಪಷ್ಟವಾಗಿ ಮುಗ್ಗರಿಸುವ ಸ್ಥಳಗಳು ವಿರಳ.

ವಾದದಲ್ಲಿ ಉಳಿದ ಈ ಬಿರುಕನ್ನು ರಾಜಕೀಯವು ಮುಚ್ಚಿತು. ಮ್ಯಾಸಚೂಸೆಟ್ಸ್ ೧೭೮೮ರ ಫೆಬ್ರವರಿಯಲ್ಲಿ ೧೮೭ಕ್ಕೆ ೧೬೮ರಂತೆ ರಾಜ್ಯಾಂಗವನ್ನು ಒಪ್ಪುವಾಗ ತಿದ್ದುಪಡಿಗಳ ಶಿಫಾರಸನ್ನೂ ಜೊತೆಗೆ ಕಳುಹಿಸಿತು; ವರ್ಜೀನಿಯಾ, ನ್ಯೂಯಾರ್ಕ್ ಮೊದಲಾದುವು ಅದೇ ದಾರಿ ಹಿಡಿದುವು. ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದ ಥಾಮಸ್ ಜೆಫರ್‌ಸನ್ ಪತ್ರಗಳ ಮೂಲಕ ಮ್ಯಾಡಿಸನ್ನನನ್ನು ಒತ್ತಾಯಿಸಿದನು. ಘೋಷಣೆಯಿದ್ದರೆ ಅದು ನ್ಯಾಯಾಂಗದ ಕೈಯಲ್ಲಿ ಒಂದು ಆಯುಧವಾಗುವುದೆಂದು ಸೂಚಿಸಿದನು. ಪ್ರತಿನಿಧಿಸಭೆಯ ಚುನಾವಣೆಯಲ್ಲಿ ಜೇಮ್ಸ್ ಮನ್ರೋವನ್ನು ಎದುರಿಸಬೇಕಾಗಿ ಬಂದಾಗ ಮ್ಯಾಡಿಸನ್ ತಿದ್ದುಪಡಿಗಳನ್ನು ಬೆಂಬಲಿಸುವೆನೆಂದು ಮಾತುಕೊಟ್ಟನು. ೧೭೮೯ರ ಜೂನ್ ೮ರಂದು ಅವುಗಳನ್ನು ಸಭೆಯ ಮುಂದಿಟ್ಟವನು ಅವನೇ. ಕಾಂಗ್ರೆಸ್ಸು ಕಳುಹಿಸಿದ ಹನ್ನೆರಡರಲ್ಲಿ ಹತ್ತು, ೧೭೯೧ರ ಡಿಸೆಂಬರ್ ೧೫ರಂದು ರಾಜ್ಯಾಂಗದ ಭಾಗವಾದುವು. ಎಣಿಸಿದ ಹಕ್ಕುಗಳಿಂದ ಎಣಿಸದವುಗಳಿಗೆ ಕುಂದಿಲ್ಲವೆನ್ನುವ ಒಂಬತ್ತನೆಯ ತಿದ್ದುಪಡಿಯು ಹ್ಯಾಮಿಲ್ಟನ್ನನ ಭಯಕ್ಕೆ ಕೊಟ್ಟ ಉತ್ತರ. ಹೀಗೆ ಪೂರ್ವಪಕ್ಷವು ಸಿದ್ಧಾಂತದ ಅಂಗವಾಯಿತು. ಸಿದ್ಧಾಂತಿಯ ಆಕ್ಷೇಪವು ಅದಕ್ಕೆ ಸೇರಿದ ಎಚ್ಚರಿಕೆಯ ಮಾತಾಯಿತು.

೫

ರಚನೆಯೊಂದೇ ಸಾಕೆಂಬ ನಂಬಿಕೆಯನ್ನು ಕಾಲವು ಬೇಗನೆ ಪರೀಕ್ಷೆಗೆ ಒಡ್ಡಿತು. ಪಬ್ಲಿಯಸ್ ಬಣಗಳನ್ನು ಕಂಡಿದ್ದನು. ದೇಶವ್ಯಾಪಿಯಾದ ಪಕ್ಷಗಳನ್ನು ಕಂಡಿರಲಿಲ್ಲ. ೧೭೯೦ರ ದಶಕ ಮುಗಿಯುವುದರೊಳಗೆ ಎರಡು ಪಕ್ಷಗಳು ಬೇರೂರಿದುವು. ಒಂದೇ ಹೆಸರಿನಿಂದ ಬರೆದ ಹ್ಯಾಮಿಲ್ಟನ್ನನೂ ಮ್ಯಾಡಿಸನ್ನನೂ ಎದುರುಬದುರಾಗಿ ನಿಂತರು. ಎರಡೂ ಸಭೆಗಳೂ ಅಧ್ಯಕ್ಷಸ್ಥಾನವೂ ಒಂದೇ ಪಕ್ಷದ ಕೈಯಲ್ಲಿದ್ದ ೧೭೯೮ರಲ್ಲಿ, ಸರ್ಕಾರವನ್ನು ಟೀಕಿಸುವ ಬರಹಗಳನ್ನು ದಂಡಿಸುವ ರಾಜದ್ರೋಹದ ಕಾನೂನು ಹೊರಟಿತು. ಅಂಗಗಳ ನಡುವಿನ ತಡೆ ಅಲ್ಲಿ ಕೆಲಸಮಾಡಲಿಲ್ಲ. ಅಂಗಗಳು ಬೇರೆಯಾಗಿದ್ದರೂ ಅವುಗಳಲ್ಲಿ ಕುಳಿತವರ ಹಿತ ಒಂದೇ ಆಗಿತ್ತು.

ಈ ತೊಡಕು ಇಂದಿಗೂ ಬಗೆಹರಿದಿಲ್ಲ. ದೋಷಾರೋಪಣೆಯ ವಿಚಾರಣೆಯಲ್ಲಿ ನಿರ್ಣಯವು ಅಪರಾಧದ ಸತ್ಯಾಸತ್ಯಕ್ಕಿಂತ ಪಕ್ಷಗಳ ಬಲಾಬಲವನ್ನು ಅನುಸರಿಸುವ ಅಪಾಯವಿದೆಯೆಂದು ೬೫ನೆಯ ಪ್ರಬಂಧದಲ್ಲಿ ಹ್ಯಾಮಿಲ್ಟನ್ನನೇ ಒಪ್ಪಿಕೊಂಡಿದ್ದನು. ೧೮೬೮ರಲ್ಲಿ ಅಧ್ಯಕ್ಷ ಆಂಡ್ರೂ ಜಾನ್ಸನ್ ಒಂದೇ ಮತದ ಅಂತರದಿಂದ ಪದಚ್ಯುತಿಯಿಂದ ಪಾರಾದನು. ೨೦೨೧ರ ವಿಚಾರಣೆಯಲ್ಲಿ ೧೦೦ ಸೆನೆಟರುಗಳ ಪೈಕಿ ೫೭ ಮಂದಿ ದೋಷಿಯೆಂದರು, ಬೇಕಾಗಿದ್ದುದು ೬೭. ಅಧ್ಯಕ್ಷನ ಪಕ್ಷದವರಲ್ಲಿ ಏಳು ಮಂದಿ ಅವನಿಗೆ ವಿರೋಧವಾಗಿ ಮತಕೊಟ್ಟರೆಂಬುದು, ಸ್ಥಾನದ ಹೊಣೆ ಪಕ್ಷದ ನಿಷ್ಠೆಯನ್ನು ಮೀರಬಲ್ಲುದೆಂಬುದಕ್ಕೆ ಸಾಕ್ಷಿ. ಏಳೇ ಮಂದಿ ಎಂಬುದು, ಹಾಗೆ ಮೀರುವುದು ಎಷ್ಟು ಅಪರೂಪವೆಂಬುದಕ್ಕೂ ಸಾಕ್ಷಿ.

ಹಾಗೆಂದು ಘೋಷಣೆಯೊಂದೇ ಸಾಕೆಂಬ ತೀರ್ಮಾನಕ್ಕೂ ಇತಿಹಾಸವು ಎಡೆಗೊಡದು. ೧೭೯೮ರಲ್ಲಿ ಪತ್ರಿಕಾಸ್ವಾತಂತ್ರ್ಯದ ತಿದ್ದುಪಡಿ ಪುಸ್ತಕದಲ್ಲಿ ಇದ್ದೇ ಇತ್ತು. ಮತ, ಪತ್ರಿಕೆ, ಪಂಚರ ವಿಚಾರಣೆ ಇವುಗಳನ್ನು ಸಂಸ್ಥಾನ ಸರ್ಕಾರಗಳೂ ಮೀರಕೂಡದೆಂದು ೧೭೮೯ರಲ್ಲಿ ಮ್ಯಾಡಿಸನ್ ತಂದ ಸೂಚನೆಯನ್ನು ಸೆನೆಟ್ಟು ತಳ್ಳಿಹಾಕಿತ್ತು. ಅದರ ಫಲವಾಗಿ, ಹಕ್ಕುಗಳ ಘೋಷಣೆಯು ಸಂಸ್ಥಾನಗಳನ್ನು ಕಟ್ಟುವುದಿಲ್ಲವೆಂದು ೧೮೩೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಪೂರ್ವಪಕ್ಷದವರ ಭಯವೆಲ್ಲ ಕೇಂದ್ರದ ಮೇಲೆ ನೆಟ್ಟಿತ್ತು. ಮನೆಯ ಸಮೀಪದ ಅಧಿಕಾರವೂ ತುಳಿಯಬಲ್ಲುದೆಂಬುದನ್ನು ಚೆನ್ನಾಗಿ ಕಂಡವನು ಮ್ಯಾಡಿಸನ್.

೬

ಇದಕ್ಕಿಂತಲೂ ಆಳವಾದ ಲೋಪವೊಂದನ್ನು ೫೪ನೆಯ ಪ್ರಬಂಧದಲ್ಲಿ ಕಾಣುತ್ತೇವೆ. ಪ್ರತಿನಿಧಿಸಭೆಯ ಸ್ಥಾನಗಳನ್ನು ಹಂಚುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲಿನಂತೆ ಎಣಿಸಬೇಕೆಂದು ರಾಜ್ಯಾಂಗವು ವಿಧಿಸಿತ್ತು. ೧೭೯೦ರ ಜನಗಣತಿಯಲ್ಲಿ ಸುಮಾರು ೩೯ ಲಕ್ಷ ಜನರ ಪೈಕಿ ಸುಮಾರು ೭ ಲಕ್ಷ ಮಂದಿ ಗುಲಾಮರಾಗಿದ್ದರು. ಮತವಿಲ್ಲದವರ ಎಣಿಕೆಯಿಂದ ಅವರ ಒಡೆಯರಿಗೆ ಹೆಚ್ಚು ಪ್ರಾತಿನಿಧ್ಯ ದೊರೆಯುವ ಈ ವ್ಯವಸ್ಥೆಯನ್ನು ಸಮರ್ಥಿಸಬೇಕಾದಾಗ ಪಬ್ಲಿಯಸ್ ಒಂದು ವಿಚಿತ್ರವಾದ ಕೆಲಸ ಮಾಡುತ್ತಾನೆ: ತನ್ನ ದನಿಯನ್ನು ಬಿಟ್ಟು, ದಕ್ಷಿಣದವನೊಬ್ಬನನ್ನು ಕಲ್ಪಿಸಿ, ಅವನ ಬಾಯಿಂದ ವಾದವನ್ನು ಹೇಳಿಸುತ್ತಾನೆ. ಗುಲಾಮನು ಕಾನೂನಿನ ದೃಷ್ಟಿಯಲ್ಲಿ ಸ್ವಲ್ಪ ವ್ಯಕ್ತಿ, ಸ್ವಲ್ಪ ಸ್ವತ್ತು ಎಂಬುದು ಆ ವಾದದ ಸಾರ. ಕೊನೆಯಲ್ಲಿ ಪಬ್ಲಿಯಸ್ ಮತ್ತೆ ತನ್ನ ದನಿಗೆ ಮರಳಿ, ಈ ತರ್ಕ ಕೆಲವೆಡೆ ಎಳೆದು ತಂದಂತೆ ತೋರಬಹುದಾದರೂ ತನಗೆ ಸಮಾಧಾನವಾಯಿತೆನ್ನುತ್ತಾನೆ.

ಈ ದನಿಯ ಪಲ್ಲಟವನ್ನು ನಾವು ಗ್ರಂಥದ ಅತ್ಯಂತ ಸತ್ಯವಾದ ಸ್ಥಳವೆಂದು ಎಣಿಸುತ್ತೇವೆ. ಸಾಮಾನ್ಯವಾಗಿ ಪಬ್ಲಿಯಸ್ ಸಾಧಿಸಲು ಕಷ್ಟವಾದುದನ್ನೂ ತನ್ನ ಹೆಸರಿನಲ್ಲಿಯೇ ಸಾಧಿಸುವವನು. ಇಲ್ಲಿ ಮಾತ್ರ ಅವನಿಗೆ ಬೇರೊಬ್ಬನ ಬಾಯಿ ಬೇಕಾಯಿತು. ರಾಜ್ಯಾಂಗದ ಮೂಲಪಾಠವೂ ‘ಗುಲಾಮ’ ಎಂಬ ಶಬ್ದವನ್ನು ಎಲ್ಲಿಯೂ ಉಚ್ಚರಿಸದೆ ಸುತ್ತುಮಾತುಗಳಿಂದ ದಾಟಿಕೊಳ್ಳುತ್ತದೆ. ಗುಲಾಮಗಿರಿಯ ಹೆಸರು ರಾಜ್ಯಾಂಗದಲ್ಲಿ ಮೊದಲು ಬರುವುದು ೧೮೬೫ರಲ್ಲಿ, ಅದನ್ನು ನಿಷೇಧಿಸುವ ಹದಿಮೂರನೆಯ ತಿದ್ದುಪಡಿಯಲ್ಲಿ. ಬಹುಮತದ ದಬ್ಬಾಳಿಕೆಗೆ ಇಷ್ಟು ಸೂಕ್ಷ್ಮವಾದ ಔಷಧಿಯನ್ನು ಹುಡುಕಿದ ಗ್ರಂಥವು ಒಡೆತನದ ದಬ್ಬಾಳಿಕೆಯ ಮುಂದೆ ಮೌನವಾಯಿತು. ಬ್ರೂಟಸ್ ತನ್ನ ಮೂರನೆಯ ಪ್ರಬಂಧದಲ್ಲಿ ಈ ಎಣಿಕೆಯನ್ನು ಖಂಡಿಸಿದನು, ನಿಜ. ಆದರೆ ಹಕ್ಕುಗಳಿಗಾಗಿ ಹೋರಾಡಿದ ಮೇಸನ್ನನೇ ಗುಲಾಮರ ಒಡೆಯನಾಗಿದ್ದನು. ಪೂರ್ವಪಕ್ಷಕ್ಕೂ ಸಿದ್ಧಾಂತಕ್ಕೂ ಹೊರಗೆ ಮೂರನೆಯ ಪಕ್ಷವೊಂದಿತ್ತು. ಅದಕ್ಕೆ ಪತ್ರಿಕೆಯೂ ಇರಲಿಲ್ಲ, ಗುಪ್ತನಾಮವೂ ಇರಲಿಲ್ಲ. ಅದು ಮಾತನಾಡಿದುದು ಮುಂದಿನ ಶತಮಾನದಲ್ಲಿ. ಗುಲಾಮಗಿರಿಯಿಂದ ಪಾರಾಗಿ ಬಂದ ಫ್ರೆಡರಿಕ್ ಡಗ್ಲಸ್ ಅದೇ ರಾಜ್ಯಾಂಗವನ್ನು ಸ್ವಾತಂತ್ರ್ಯದ ಪರವಾಗಿ ಓದಿ ತೋರಿಸಿದನು. ಯುದ್ಧದ ಬಳಿಕ ಬಂದ ಮೂರು ತಿದ್ದುಪಡಿಗಳಲ್ಲಿ ೧೮೬೮ರ ಹದಿನಾಲ್ಕನೆಯದು ಸಂಸ್ಥಾನಗಳನ್ನೂ ಕಟ್ಟಿತು. ಅದರ ಆಧಾರದ ಮೇಲೆ ೧೯೨೫ರಿಂದಾಚೆಗೆ ನ್ಯಾಯಾಲಯವು ಹಕ್ಕುಗಳ ಘೋಷಣೆಯ ಬಹುಭಾಗವನ್ನು ಸಂಸ್ಥಾನಗಳಿಗೂ ಅನ್ವಯಿಸಿತು. ೧೭೮೯ರಲ್ಲಿ ಮ್ಯಾಡಿಸನ್ ಸೋತ ವಾದವು ಹೀಗೆ ಶತಮಾನಕ್ಕೂ ಮಿಕ್ಕಿದ ಕಾಲದ ಬಳಿಕ ಫಲಿಸಿತು.

೭

ರಚನೆ ಮತ್ತು ಘೋಷಣೆಗಳನ್ನು ಕೂಡಿಸುವ ಕೊಂಡಿ ನ್ಯಾಯಾಂಗ. ರಾಜ್ಯಾಂಗಕ್ಕೆ ವಿರುದ್ಧವಾದ ಕಾನೂನನ್ನು ನ್ಯಾಯಾಲಯವು ಅಸಿಂಧುವೆನ್ನಬೇಕೆಂದು ೭೮ನೆಯ ಪ್ರಬಂಧವು ಸಾಧಿಸುತ್ತದೆ; ಖಡ್ಗವೂ ಖಜಾನೆಯೂ ಇಲ್ಲದ ನ್ಯಾಯಾಂಗದಿಂದ ಭಯವಿಲ್ಲವೆಂದು ಹೇಳುತ್ತದೆ. ತನ್ನ ಮೇಲೆ ತಿದ್ದುವವರಿಲ್ಲದ ನ್ಯಾಯಾಲಯವು ಕ್ರಮೇಣ ರಾಜ್ಯಾಂಗವನ್ನೇ ತನ್ನ ಅರ್ಥಕ್ಕೆ ಒಗ್ಗಿಸಿಕೊಳ್ಳುವುದೆಂದು ಬ್ರೂಟಸ್ ಎಚ್ಚರಿಸಿದ್ದನು. ೧೮೦೩ರ ಮಾರ್ಬರಿ ಮೊಕದ್ದಮೆಯ ತೀರ್ಪು ಮೊದಲನೆಯವನನ್ನು ಸಮರ್ಥಿಸಿದರೆ, ಕಪ್ಪುಜನರು ಪೌರರಾಗಲಾರರೆಂದ ೧೮೫೭ರ ಡ್ರೆಡ್ ಸ್ಕಾಟ್ ತೀರ್ಪು ಎರಡನೆಯವನ ಭಯವನ್ನು ನಿಜಮಾಡಿತು.

ಈ ವಾದವು ನಮ್ಮ ಮನೆಯಂಗಳಕ್ಕೂ ಬಂದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು ನಮ್ಮ ಸಂವಿಧಾನಸಭೆಯ ಸಲಹೆಗಾರರಾಗಿ ೧೯೪೭ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಫೆಲಿಕ್ಸ್ ಫ್ರಾಂಕ್‌ಫರ್ಟರರನ್ನು ಕಂಡರು. ಅಮೆರಿಕದ ರಾಜ್ಯಾಂಗದಲ್ಲಿರುವ ‘ನ್ಯಾಯೋಚಿತ ವಿಧಿಕ್ರಮ’ ಎಂಬ ಮಾತು ಜನಪ್ರತಿನಿಧಿಗಳ ಕಾನೂನನ್ನು ಕೆಲವೇ ನ್ಯಾಯಾಧೀಶರ ಅಭಿಪ್ರಾಯಕ್ಕೆ ಅಧೀನಮಾಡುತ್ತದೆಂಬ ಅವರ ಎಚ್ಚರಿಕೆ ಕರಡಿನ ಮೇಲೆ ಪ್ರಭಾವ ಬೀರಿತು. ನಮ್ಮ ಇಪ್ಪತ್ತೊಂದನೆಯ ಅನುಚ್ಛೇದದಲ್ಲಿ ಆ ಮಾತಿಗೆ ಬದಲಾಗಿ, ಕಾನೂನು ಸ್ಥಾಪಿಸಿದ ಕಾರ್ಯವಿಧಾನ ಎಂಬರ್ಥದ ಮಾತು ಸೇರಿತು. ಆ ಕಾರ್ಯವಿಧಾನವು ನ್ಯಾಯವಾದುದೇ ಎಂದು ಪರೀಕ್ಷಿಸಲು ೧೯೫೦ರ ಗೋಪಾಲನ್ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ. ತುರ್ತುಪರಿಸ್ಥಿತಿಯ ಅನುಭವವಾದ ಮೇಲೆ, ೧೯೭೮ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ಅದು ನ್ಯಾಯವೂ ಯುಕ್ತವೂ ಆಗಿರಬೇಕೆಂದಿತು. ಪಬ್ಲಿಯಸ್ಸನೂ ಬ್ರೂಟಸ್ಸನೂ ನ್ಯೂಯಾರ್ಕಿನಲ್ಲಿ ಆರಂಭಿಸಿದ ಚರ್ಚೆಯು ದೆಹಲಿಯಲ್ಲಿ ಮುಂದುವರಿಯಿತೆನ್ನಬಹುದು.

೮

‘ಫೆಡರಲಿಸ್ಟ್’ ಗ್ರಂಥದ ಬೆಲೆಯೇನೆಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅಧಿಕಾರವನ್ನು ಅಧಿಕಾರದಿಂದಲೇ ತಡೆಯಬೇಕೆಂಬ ತತ್ತ್ವವನ್ನು ಅದಕ್ಕಿಂತ ಸಮರ್ಥವಾಗಿ ವಿವರಿಸಿದ ಗ್ರಂಥವನ್ನು ನಾವು ಕಾಣೆವು. ಆದರೆ ಅದು ಅಮೆರಿಕದ ರಾಜ್ಯಾಂಗಕ್ಕೆ ಸಂಪೂರ್ಣ ಭಾಷ್ಯವಲ್ಲ. ಅದರ ಅರ್ಧಕ್ಕೆ ಭಾಷ್ಯ. ಇನ್ನರ್ಧವನ್ನು ಅದರ ವಿರೋಧಿಗಳು ಬೇಡಿ ಪಡೆದರು. ಇಬ್ಬರೂ ಲೆಕ್ಕಕ್ಕೆ ಹಿಡಿಯದವರು ಆಮೇಲೆ ಬಂದು ಉಳಿದುದನ್ನು ತಿದ್ದಿಸಿದರು. ರಚನೆಯಿಲ್ಲದ ಹಕ್ಕು ಬರಿಯ ಬರವಣಿಗೆ. ಹಕ್ಕಿನ ನೆನಪಿಲ್ಲದ ರಚನೆ, ಅದನ್ನು ನಡೆಸುವವರು ಒಂದಾದ ದಿನ, ಬರಿಯ ಯಂತ್ರ.

ಆದುದರಿಂದ ಈ ಗ್ರಂಥವನ್ನು ಪಾಠಹೇಳುವ ಅಧ್ಯಾಪಕರಲ್ಲಿ ನಮ್ಮ ಸೂಚನೆ ಇಷ್ಟೆ. ಹತ್ತನೆಯ ಮತ್ತು ಐವತ್ತೊಂದನೆಯ ಪ್ರಬಂಧಗಳನ್ನು ಓದಿಸುವ ದಿನವೇ ಬ್ರೂಟಸ್ಸನ ಮೊದಲೆರಡು ಪ್ರಬಂಧಗಳನ್ನೂ ಓದಿಸಬೇಕು. ಎಂಬತ್ತನಾಲ್ಕನೆಯದನ್ನು ಮೊದಲ ಹತ್ತು ತಿದ್ದುಪಡಿಗಳ ಎದುರಿಗಿಟ್ಟು ಓದಿಸಬೇಕು. ಐವತ್ತನಾಲ್ಕನೆಯದನ್ನು ಬಿಟ್ಟು ಮುಂದೆ ಹೋಗಬಾರದು. ವಿದ್ಯಾರ್ಥಿಯು ಗೆದ್ದ ಪಕ್ಷದ ಮಾತನ್ನು ಕಂಠಪಾಠ ಮಾಡುವುದಕ್ಕಿಂತ, ಸೋತ ಪಕ್ಷದ ಯಾವ ಮಾತು ಸೋಲಿನ ಬಳಿಕವೂ ಉಳಿಯಿತೆಂಬುದನ್ನು ಕಂಡುಕೊಂಡರೆ ರಾಜ್ಯಾಂಗದ ಸ್ವರೂಪ ಅವನಿಗೆ ಹೆಚ್ಚು ಸ್ಪಷ್ಟವಾದೀತು.